ಚಲುವಣ್ಣ ಮುಟ್ಟದ ಬೆನ್ನು

ಹೊಂಗನೂರಿನ ಗರಡಿ ಚಲುವಯ್ಯನ ಬಗ್ಗೆ ಬರೆಯುವ ಯೋಗ್ಯತೆ ಊರಲ್ಲಿ ಯಾರಿಗಾದರೂ ಇರಬಹುದು, ನನಗೊಬ್ಬನಿಗೆ ಇಲ್ಲ. ಆದರೂ ಬರೆಯುತ್ತಿದ್ದೇನೆ. ನಾನು ಅನಂತರಾಜು, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಸರಿಮಾಡಿಕೊಂಡು ಓದಿ.

ಚಲುವಣ್ಣನಿಗೆ ಈಗ ಎಪ್ಪತ್ನಾಲ್ಕು. ಎರಡೆಕರೆ ಹಿಪ್ಪುನೇರಳೆ ತೋಟವಿದೆ. ರೇಷ್ಮೆ ಹುಳುವಿನ ಮನೆಯನ್ನು ಮಗ ಮನು ನೋಡಿಕೊಳ್ಳುತ್ತಾನೆ, ಸೊಪ್ಪು ಕೊಯ್ದು ತರುವುದು ಇವನ ಪಾಲು. ಸೊಪ್ಪಿನ ಹೊರೆ ಹೊತ್ತು ಬರುವಾಗ ಹಿಂದಿನಿಂದ ನೋಡಿದವರು ಐವತ್ತರ ಆಳು ಅನ್ನಬೇಕು, ಹಾಗೆ ನಡೆಯುತ್ತಾನೆ. ಹರೆಯದಲ್ಲಿ ಕುಸ್ತಿಯ ಹುಚ್ಚಿತ್ತು. ದಸರಾ ಕುಸ್ತಿಗೆಂದು ಮೈಸೂರಿಗೆ ಹೋಗಿ, ಗೆದ್ದು ಬರುವ ಬದಲು ಹೆಗಲಿನ ಕೀಲು ತಪ್ಪಿಸಿಕೊಂಡ. ಆ ಕೀಲನ್ನು ಕೂರಿಸಿದ ಉಸ್ತಾದರ ಹತ್ತಿರವೇ ಮೂರು ವರ್ಷ ಉಳಿದು ಉಳುಕು ತೆಗೆಯುವುದು, ಬೆನ್ನು ನೀವಿ ಸರಿಮಾಡುವುದು ಎಲ್ಲ ಕಲಿತು ಬಂದ. "ಸೋತಿದ್ಕೆ ಸಿಕ್ಕಿದ್ ವಿದ್ಯೆ ಕಣ್ಲಾ ಇದು. ಗೆದ್ದಿದ್ರೆ ಒಂದ್ ಪೇಟ ಸಿಕ್ತಿತ್ತು ಅಷ್ಟೆ" ಎಂದು ನಗುತ್ತಿದ್ದ.

ನಮ್ಮೂರ ಗರಡಿಯಲ್ಲಿ ಈಗ ಕುಸ್ತಿ ಮಾಡುವವರಿಲ್ಲ. ಬೆಳಿಗ್ಗೆ ಆರಕ್ಕೆ ಅಲ್ಲಿ ಸೇರುತ್ತಿದ್ದವರೆಲ್ಲ ಅರವತ್ತು ದಾಟಿದವರು. ಸೊಂಟ ಹಿಡಿದವರು, ಕುತ್ತಿಗೆ ತಿರುಗದವರು, ಮಂಡಿ ಮಡಿಸಲಾಗದವರು. ಚಲುವಣ್ಣ ಮೊದಲು ಅವರನ್ನು ಗರಡಿಯ ಉದ್ದಕ್ಕೂ ನಡೆಸಿ ನೋಡುತ್ತಿದ್ದ. ಆಮೇಲೆ ಪ್ರಶ್ನೆ: ಬಿದ್ದಿದ್ದುಂಟಾ, ಜ್ವರ ಬತ್ತದಾ, ಕಾಲು ಜೋಮು ಹಿಡೀತದಾ? ಇದರಲ್ಲಿ ಒಂದಕ್ಕೆ ಹೂಂ ಅಂದರೂ ಮೈ ಮುಟ್ಟುತ್ತಿರಲಿಲ್ಲ, ಆಸ್ಪತ್ರೆಯ ದಾರಿ ತೋರಿಸುತ್ತಿದ್ದ. ಇಲ್ಲ ಅಂದವರನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆ ಹಚ್ಚಿ, ಎರಡು ಹೆಬ್ಬೆರಳನ್ನು ಬೆನ್ನುಮೂಳೆಯ ಅಕ್ಕಪಕ್ಕ ಮೇಲಿನಿಂದ ಕೆಳಕ್ಕೆ ತರುತ್ತಿದ್ದ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. "ಉಸ್ರು ಬುಡು" ಅನ್ನುವುದೂ ಲಟಕ್ ಎಂದು ಸದ್ದು ಬರುವುದೂ ಒಟ್ಟಿಗೇ ಆಗುತ್ತಿತ್ತು. ಕಾಸು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ಸಾಕಿತ್ತು.

ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಜನಕ್ಕೆ ಬೇಕಾದದ್ದು ಲಟಕ್ ಅನ್ನುವ ಸದ್ದು, ಅವನಿಗೆ ಬೇಕಾದದ್ದು ಅದರ ಮುಂದಿನ ಕೆಲಸ. ಗರಡಿಯ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಅರ್ಧ ಬಸ್ಕಿ, ಬೋರಲು ಮಲಗಿ ಎದೆ ಎತ್ತುವುದು, ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದು, ಆಮೇಲೆ ಕೆರೆ ಏರಿಯ ಮೇಲೆ ನಡಿಗೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ತಪ್ಪಿಸಬಾರದು. ತಪ್ಪಿಸಿದವರ ಬೆನ್ನಿಗೆ ಎರಡನೇ ಸಲ ಕೈ ಹಾಕುತ್ತಿರಲಿಲ್ಲ. "ನಾನ್ ಮಾಡೋದು ಒಂದಾಣೆ, ಮಿಕ್ಕಿದ್ ಹದಿನೈದಾಣೆ ನೀನೇ ಮಾಡ್ಬೇಕು" ಅನ್ನುತ್ತಿದ್ದ. ಗರಡಿಯೊಳಗೆ ಹೆಂಗಸರು ಬರಬಾರದು ಎಂದು ಹಿರಿಯರು ತಕರಾರು ತೆಗೆದಾಗ, ಹೆಂಗಸರಿಗೆಂದು ಹೊರಗಿನ ಜಗಲಿಯ ಮೇಲೆ ಇನ್ನೊಂದು ಹಗ್ಗ ಕಟ್ಟಿದ. ಚನ್ನಪಟ್ಟಣದಿಂದ ಜಬ್ಬಾರಣ್ಣ ಮೊದಲ ಬಸ್ಸಿಗೆ ಬರುತ್ತಿದ್ದರು. ನಲವತ್ತು ವರ್ಷ ಮರ ತಿರುಗಿಸುವ ಪಟ್ಟಡೆಯ ಮುಂದೆ ಬಗ್ಗಿ ಕೂತು ಮರದ ಬೊಂಬೆಗೆ ಅರಗು ಬಣ್ಣ ಹಾಕಿದವರು ಅವರು. ಬಂದ ಹೊಸದರಲ್ಲಿ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಆರು ತಿಂಗಳಿಗೆ ತಲೆ ಎತ್ತಿ ನನ್ನ ಮುಖ ನೋಡಿ ನಮಸ್ಕಾರ ಹೇಳಿದರು.

ನನ್ನ ಸೊಂಟವನ್ನೂ ಚಲುವಣ್ಣ ಒಂದು ಸಲ ಸರಿಮಾಡಿದ್ದ. ನಾನು ಹತ್ತು ದಿನ ಬಸ್ಕಿ ಹೊಡೆದೆ, ಹನ್ನೊಂದನೆಯ ದಿನ ಮಳೆ ಬಂತು, ಹನ್ನೆರಡನೆಯ ದಿನ ಮಳೆ ಬರಲಿಲ್ಲವಾದರೂ ನಾನು ಹೋಗಲಿಲ್ಲ. ನೋವು ಹೋಗಿತ್ತಲ್ಲ, ಇನ್ನೇಕೆ? ನಾನು ಅಂಥ ಆಳು. ಎರಡು ವರ್ಷ ಕಳೆದು, ಹೋದ ಕಾರ್ತಿಕದಲ್ಲಿ ನೋವು ತಿರುಗಿ ಬಂತು. ಈ ಸಲ ಸೊಂಟದಿಂದ ಹೊರಟು ಎಡಗಾಲಿನ ಹಿಮ್ಮಡಿಯವರೆಗೂ ಎಳೆಯುತ್ತಿತ್ತು. ಹೆಬ್ಬೆರಳು ಜೋಮು. ನಾಚಿಕೆ ಬಿಟ್ಟು ಎಲೆ ಅಡಿಕೆ ಹಿಡಿದು ಗರಡಿಗೆ ಹೋದೆ.

ಚಲುವಣ್ಣ ನಡೆಸಿ ನೋಡಿದ. ಪ್ರಶ್ನೆ ಕೇಳಿದ. ಉಳಿದವರೆಲ್ಲ ಹೋಗುವವರೆಗೂ ನನ್ನನ್ನು ಕೂರಿಸಿಕೊಂಡು, ಯಾರೂ ಇಲ್ಲದಾಗ ಹತ್ತಿರ ಬಂದು ಹೇಳಿದ.

"ಅನಂತ, ನಾನ್ ಮುಟ್ಟಾಕಿಲ್ಲ. ನರ ಒತ್ಕೊಂಡಂಗೈತೆ. ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡ್ಸು. ಅಲ್ಲೀಗಂಟ ಯಾರ್ ಕೈಲೂ ಬೆನ್ನು ಮುಟ್ಟಿಸ್ಕಬ್ಯಾಡ. ನನ್ ಮಾತು ನಡ್ಸು."

"ಒಂದ್ಸಲ ಒಸಿ ಒತ್ತಿ ನೋಡು ಚಲುವಣ್ಣ. ನೀನ್ ಒತ್ತುದ್ರೆ ಸರಿಹೋಯ್ತದೆ."

"ಒತ್ತಾಕಿಲ್ಲ ಅಂದ್ನಲ್ಲಾ! ಎದ್ದೋಗ್ಲಾ ಮೊದ್ಲು ಆಸ್ಪತ್ರೆಗೆ."

ನನಗೆ ಸಿಟ್ಟು ಬಂತು. ಊರಿಗೆಲ್ಲ ಮಾಡುವವನು ನನಗೆ ಮಾತ್ರ ಮಾಡುವುದಿಲ್ಲವಂತೆ. ಎರಡು ವರ್ಷದ ಹಿಂದೆ ಬಸ್ಕಿ ತಪ್ಪಿಸಿದ್ದಕ್ಕೆ ಸೇಡು ಎಂದುಕೊಂಡೆ. ಆಸ್ಪತ್ರೆಗೆ ಹೋಗಲಿಲ್ಲ. ಅಕ್ಕೂರಿನ ಬಸ್ಸು ಹತ್ತಿದೆ.

ಅಕ್ಕೂರಿನಲ್ಲಿ ನನ್ನ ಅಕ್ಕ ಚಿಕ್ಕಲಕ್ಷ್ಮಮ್ಮ ಇದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದಿತ್ತು. ಹಾಗೆ ಹುಟ್ಟಿದವರು ಕಾಲಿನಿಂದ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮೂರು ಭಾನುವಾರ ಬೆಳಿಗ್ಗೆ ಹೊಸ್ತಿಲಿಗೆ ಅಡ್ಡಲಾಗಿ ಮಲಗಬೇಕು, ಅವಳು ಎಡಗಾಲಿನಿಂದ ಮೂರು ಸಲ ಒದೆಯಬೇಕು, ಒದೆಸಿಕೊಂಡವರು ಹಿಂತಿರುಗಿ ನೋಡದೆ ಹೋಗಬೇಕು. ಯಾರು ಒದ್ದರು ಎಂದು ಹೇಳಿದರೆ ಫಲ ಹೋಗುತ್ತದೆ. ಅಕ್ಕ ಒದೆಯುವುದು ಅಂದರೆ ಪಾದ ತಾಗಿಸುವುದು ಅಷ್ಟೆ. ಅದರಿಂದ ಯಾರಿಗೂ ಕೆಟ್ಟದ್ದಾದದ್ದಿಲ್ಲ. ಎಷ್ಟು ಜನಕ್ಕೆ ಒಳ್ಳೆಯದಾಗಿದೆಯೋ ನನಗೆ ಗೊತ್ತಿಲ್ಲ. ಜೋಮಿನ ವಿಷಯ ನಾನು ಅವಳಿಗೆ ಹೇಳಲಿಲ್ಲ. ಚಲುವಣ್ಣ ಬೇಡ ಅಂದದ್ದನ್ನೂ ಹೇಳಲಿಲ್ಲ.

ಎರಡು ಭಾನುವಾರ ಕಳೆದರೂ ನೋವು ಕೂದಲಷ್ಟೂ ಕಡಿಮೆಯಾಗಲಿಲ್ಲ. ಮೂರನೆಯ ಭಾನುವಾರ ಹೊಸ್ತಿಲ ಮೇಲೆ ಮಲಗಿ ನಾನೇ ಅಂದೆ.

"ಅಕ್ಕ, ಸುಮ್ನೆ ಸವರ್ಬ್ಯಾಡ. ಒಸಿ ಜೋರಾಗಿ ಒದಿ."

"ಬ್ಯಾಡ ಕಣೋ ಅನಂತ, ವಯಸ್ಸಾಗೈತೆ ನಿಂಗೆ."

"ಒದಿ ಅಂದ್ರೆ ಒದಿ, ಏನೂ ಆಗಾಕಿಲ್ಲ."

ತಮ್ಮನ ಮಾತು ತೆಗೆದುಹಾಕಲಾರದೆ ಅವಳು ಹಿಮ್ಮಡಿಯಿಂದ ಒದ್ದಳು. ಮೂರನೆಯ ಏಟಿಗೆ ಎಡಗಾಲಿನೊಳಗೆ ಬೆಂಕಿ ಹರಿದಂತಾಯಿತು. ಹಲ್ಲು ಕಚ್ಚಿ ಎದ್ದು, ಪದ್ಧತಿಯಂತೆ ಹಿಂದೆ ನೋಡದೆ ಬಂದುಬಿಟ್ಟೆ. ಬಸ್ಸು ಇಳಿಯುವಾಗ ಎಡಗಾಲಿನ ಚಪ್ಪಲಿ ಜಾರಿ ಬಿತ್ತು. ಹಾಕಿಕೊಂಡೆ, ನಾಲ್ಕು ಹೆಜ್ಜೆಗೆ ಮತ್ತೆ ಜಾರಿತು. ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೆ.

ಮಗಳು ಲತಾಮಣಿ ಚನ್ನಪಟ್ಟಣದಲ್ಲಿ ಹೈಸ್ಕೂಲು ಮೇಡಂ. ಹೆಂಡತಿ ಹೋದ ಮೇಲೆ ನನಗೆ ಅವಳೂ ಅವಳಿಗೆ ನಾನೂ ಅನ್ನುವ ಹಾಗಿದ್ದೇವೆ. ಫೋನು ಹೋದ ಅರ್ಧ ಗಂಟೆಗೆ ಆಟೋ ತಂದಳು. ನನ್ನ ಪಾದ ನೇತುಬಿದ್ದದ್ದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಯಾರ್ ಹತ್ರ ತೋರಿಸ್ದೆ ಅಪ್ಪ? ಯಾರು ಬೆನ್ನು ಒತ್ತಿದ್ದು?"

ನಾನು ಪಂಚೆ ಸರಿಮಾಡಿಕೊಂಡೆ.

"ಚಲುವಯ್ಯ ದೊಡ್ಡಪ್ಪ ತಾನೆ?"

ಇಲ್ಲ ಅನ್ನಬಹುದಿತ್ತು. ಅಂದರೆ ಮುಂದಿನ ಪ್ರಶ್ನೆ, ಮತ್ಯಾರು? ಅಕ್ಕನಿಗೆ ಎಪ್ಪತ್ತು, ಹೃದಯದ ಮಾತ್ರೆ ನುಂಗುವವಳು, ತಮ್ಮನ ಕಾಲು ತನ್ನ ಕಾಲಿನಿಂದ ಹೋಯಿತು ಎಂದು ಗೊತ್ತಾದರೆ ಉಳಿದಾಳೇ? ಇದು ನಾನು ಆಗ ನನಗೆ ಹೇಳಿಕೊಂಡ ಕಾರಣ. ಅರ್ಧ ನಿಜ. ಮಿಕ್ಕ ಅರ್ಧವೇನೆಂದರೆ, ಬೇಡ ಅಂದರೂ ಕೇಳದೆ ಹೊಸ್ತಿಲ ಮೇಲೆ ಮಲಗಿ ಒದೆಸಿಕೊಂಡೆ ಎಂದು ಓದಿದ ಮಗಳ ಮುಂದೆ ಹೇಳಲು ನನಗೆ ಮರ್ಯಾದೆ ಅಡ್ಡ ಬಂತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಗರಡಿ ಸಿಗುತ್ತದೆ. ಲತಾಮಣಿ ಆಟೋ ನಿಲ್ಲಿಸಿ ಇಳಿದಳು. ಒಳಗೆ ಏಳೆಂಟು ಗಂಡಸರು, ಜಗಲಿಯ ಮೇಲೆ ನಾಲ್ಕು ಹೆಂಗಸರು. ಹುಟ್ಟಿದಾಗಿನಿಂದ ಅವನನ್ನು ದೊಡ್ಡಪ್ಪ ಅನ್ನುತ್ತಿದ್ದವಳು ಅಂದು ರೀ ಅಂದಳು.

"ಏನ್ರೀ ಮಾಡಿದ್ರಿ ನಮ್ಮಪ್ಪಂಗೆ? ನೀವೇನ್ ಡಾಕ್ಟರಾ? ಕಾಲೇ ಹೋಗಿದೆ ಅವರದು. ಇನ್ನೆಷ್ಟು ಜನರನ್ನ ಕುಂಟರು ಮಾಡ್ತೀರಿ?"

ಚಲುವಣ್ಣ ಎಣ್ಣೆಗೈಯಲ್ಲೇ ಹೊರಗೆ ಬಂದ. ಮೊದಲು ಅವನು ನೋಡಿದ್ದು ನನ್ನ ಪಾದವನ್ನು.

"ಅಯ್ಯೋ, ಪಾದ ಬಿದ್ದೋಯ್ತಾ? ನಾನ್ ಮುಟ್ಟಿಲ್ಲ ಕಣವ್ವಾ. ಜೋಮು ಐತೆ ಅಂದ, ಆಸ್ಪತ್ರೆಗೋಗು ಅಂತ ಕಳಿಸ್ದೆ. ಬೇಕಾದ್ರೆ ನಿಮ್ಮಪ್ಪನ್ನೇ ಕೇಳು." ಆಟೋದ ಹತ್ತಿರ ಬಂದು ಬಗ್ಗಿದ. "ಹೇಳಪ್ಪಾ ಅನಂತ. ನಾನ್ ಮುಟ್ಟಿದ್ನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಜಬ್ಬಾರಣ್ಣ ಹಗ್ಗ ಹಿಡಿದುಕೊಂಡೇ ನಿಂತಿದ್ದರು. ನಾನು ಎರಡೂ ಕೈಯಲ್ಲಿ ಕಾಲು ಹಿಡಿದುಕೊಂಡು, ತಲೆ ತಗ್ಗಿಸಿ, "ನೋವು ತಡೆಯಾಕಾಗ್ತಿಲ್ಲ ಮಗಾ, ಬೇಗ ಹೋಗಾನ" ಅಂದೆ.

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಬಸ್ಸನ್ನು ಯಾರ ಮೇಲೂ ಹತ್ತಿಸದವನು ಅಂದು ಆಟೋದಲ್ಲಿ ಕೂತುಕೊಂಡೇ ಒಬ್ಬ ಮನುಷ್ಯನನ್ನು ಮುಗಿಸಿದೆ. ಚಲುವಣ್ಣ ನನ್ನನ್ನು ಒಂದು ಗಳಿಗೆ ನೋಡಿ, ನೆಟ್ಟಗೆ ನಿಂತು, "ಕರ್ಕೊಂಡೋಗವ್ವ, ತಡ ಮಾಡ್ಬ್ಯಾಡ" ಅಂದ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನರದ ಮೇಲೆ ಒತ್ತಡ ಮೊದಲೇ ಇತ್ತು, ಏಟು ಬೀಳದಿದ್ದರೂ ಹೀಗಾಗುತ್ತಿತ್ತೋ ಏನೋ ಹೇಳಲಾಗದು, ಆದರೆ ಮೂರು ವಾರ ಮೊದಲು ಬಂದಿದ್ದರೆ ಚೆನ್ನಾಗಿತ್ತು ಅಂದರು ಡಾಕ್ಟರು. ಮೂರು ವಾರ ಮೊದಲು ಅಂದರೆ ಚಲುವಣ್ಣ ಆಸ್ಪತ್ರೆಗೆ ಹೋಗು ಅಂದ ದಿನ. ಹಾಸಿಗೆಯ ಮೇಲೆ ಮಲಗಿ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಊರಿಗೆ ಬಂದಾಗ ಗರಡಿಯ ಬಾಗಿಲಿಗೆ ಬೀಗ. ಚಲುವಯ್ಯ ಒತ್ತಿ ಡ್ರೈವರ್ ಅನಂತನ ಕಾಲು ತೆಗೆದುಬಿಟ್ಟನಂತೆ ಎಂದು ನಾಲ್ಕು ಊರಿಗೆ ಸುದ್ದಿ ಹೋಗಿತ್ತು. ಉಳುಕು ತೆಗೆಸಿಕೊಳ್ಳಲು ಯಾರೂ ಬರಲಿಲ್ಲ, ಬಸ್ಕಿ ಹೊಡೆಯುತ್ತಿದ್ದ ಮುದುಕರನ್ನೂ ಮನೆಯವರು ತಡೆದರು. ಮನುವಿನ ಹೆಂಡತಿ ಸುಮನಾ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಜಬ್ಬಾರಣ್ಣನನ್ನು ಒಂದು ದಿನ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಕಂಡೆ. ಮತ್ತೆ ನೆಲ ನೋಡಿಕೊಂಡು ನಡೆಯುತ್ತಿದ್ದರು. ನನ್ನ ಚಪ್ಪಲಿ ನೋಡಿ ನನ್ನ ಗುರುತು ಹಿಡಿದರು. ನನಗೆ ಅಲ್ಲೇ ನೆಲದೊಳಗೆ ಹೋಗಿಬಿಡುವ ಹಾಗಾಯಿತು.

ಕಾಲಿಗೆ ಬಲ ಬರಲೆಂದು ವಾರಕ್ಕೆ ಎರಡು ದಿನ ಲತಾಮಣಿ ಸ್ಕೂಟರಿನಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಶೀಬಾ ಎಂಬ ಹುಡುಗಿ ಫಿಸಿಯೋಥೆರಪಿ ಮಾಡಿಸುತ್ತಾಳೆ. ಎರಡನೆಯ ತಿಂಗಳು ಬೋರಲು ಮಲಗಿಸಿ ಎದೆ ಎತ್ತಿ ಅಂದಳು. ಎತ್ತಿದೆ. ಆಮೇಲೆ ಮಂಡಿ ಎದೆಗೆ. ಆಮೇಲೆ ಕಂಬಿ ಹಿಡಿದು ಅರ್ಧ ಬಸ್ಕಿ. ಅವಳು ತೋರಿಸುವ ಮೊದಲೇ ನಾನು ಮಾಡುತ್ತಿದ್ದೆ.

"ಅಂಕಲ್, ಇದೆಲ್ಲ ಮೊದಲೇ ಯಾರ ಹತ್ರ ಕಲ್ತಿದ್ರಿ?" ಎಂದು ಅವಳಿಗೆ ಆಶ್ಚರ್ಯ.

"ನಮ್ಮೂರಲ್ಲಿ ಒಬ್ಬರು ಹೇಳಿಕೊಟ್ಟಿದ್ರು."

"ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ದಿನಾ ಮಾಡಿಕೊಂಡು ಬಂದಿದ್ರೆ ನೀವು ನಮ್ಮ ಹತ್ರ ಬರೋ ಹಾಗೇ ಇರ್ತಿರಲಿಲ್ವೇನೋ. ಅವರನ್ನ ಬಿಡಬೇಡಿ."

ಲತಾಮಣಿ ಪಕ್ಕದಲ್ಲೇ ಕೂತಿದ್ದಳು. ಅವಳು ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ವಾಪಸು ಬರುವಾಗ, ಸ್ಕೂಟರಿನ ಹಿಂದೆ ಕೂತು, ಅವಳ ಮುಖ ಕಾಣದಿದ್ದ ಧೈರ್ಯಕ್ಕೆ, ಎಲ್ಲವನ್ನೂ ಹೇಳಿದೆ. ಅವಳು ರಸ್ತೆ ಪಕ್ಕದಲ್ಲಿ ಗಾಡಿ ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ಅವತ್ತು ಅವರ ಮುಂದೆ ನಾನು ಏನೇನ್ ಅಂದೆ ಅಂತ ನಿನಗೆ ನೆನಪಿದ್ಯಾ ಅಪ್ಪ?" ಅಂದಳು. "ನನ್ನ ಕೈಲಿ ಅದನ್ನೆಲ್ಲ ಅನ್ನಿಸಿಬಿಟ್ಯಲ್ಲ."

ಅಂದೇ ಸಂಜೆ ಇಬ್ಬರೂ ಚಲುವಣ್ಣನ ಮನೆಗೆ ಹೋದೆವು. ಅವನು ಹುಳುವಿಗೆ ಸೊಪ್ಪು ಹಾಕುತ್ತಿದ್ದ. ಲತಾಮಣಿ ದೊಡ್ಡಪ್ಪ ಎಂದು ಕಾಲಿಗೆ ಬಿದ್ದಳು, ಎತ್ತಿ ಕೂರಿಸಿದ. ನಾನು ಮಾತು ಶುರು ಮಾಡಿದೆ: ನೀನು ಮುಟ್ಟಲಿಲ್ಲ, ಆಸ್ಪತ್ರೆಗೆ ಹೋಗು ಅಂದೆ, ನಾನೇ ಕೇಳಲಿಲ್ಲ. ಅವನು ಕೈ ಅಡ್ಡ ಹಿಡಿದ.

"ನಂಗೆ ಗೊತ್ತಿರೋದ್ನ ನಂಗೇ ಹೇಳಾಕ್ ಬಂದಿದ್ದೀಯಲ್ಲೋ ಅನಂತ. ಗೊತ್ತಿಲ್ದೋರು ಆಚೆಗವ್ರೆ."

ಸುಮನಾ ಕಾಫಿ ತಂದಿಟ್ಟಳು, ಕುಡಿಯಲಾಗಲಿಲ್ಲ.

ಊರಿಗೆ ಹೇಳುವ ಮೊದಲು ಅಕ್ಕನಿಗೆ ಹೇಳಬೇಕಿತ್ತು. ಅಕ್ಕೂರಿಗೆ ಹೋಗಿ, ಅವಳ ಮಾತ್ರೆಯ ಡಬ್ಬಿ ಎಲ್ಲಿದೆ ಎಂದು ನೋಡಿಕೊಂಡು, ಅವಳ ಎದುರು ಕೂತು ಕಾಲಿನ ವಿಷಯ, ಚಲುವಣ್ಣನ ಮೇಲೆ ಬಿದ್ದ ಅಪವಾದ ಎರಡನ್ನೂ ಹೇಳಿದೆ. ಅವಳು ಅಳಲಿಲ್ಲ. ಚಾಚಿಕೊಂಡಿದ್ದ ಕಾಲುಗಳನ್ನು ಮೆಲ್ಲಗೆ ಮಡಿಸಿ ಸೀರೆಯೊಳಗೆ ಎಳೆದುಕೊಂಡಳು.

"ಜೋಮು ಐತೆ ಅಂತ ಒಂದ್ ಮಾತು ಹೇಳಿದ್ರೆ ನಾನ್ ಒದೀತಿದ್ನಾ ಅನಂತ?"

"ಇಲ್ಲ ಅಕ್ಕ. ತಪ್ಪು ನಂದೇ. ಊರೋರ ಮುಂದೆ ನಿನ್ ಹೆಸ್ರು ಹೇಳಾಕಿಲ್ಲ, ಯಾರೋ ಒಬ್ರು ಅಂತೀನಿ."

"ನನ್ ಹೆಸ್ರೇ ಹೇಳು. ಇನ್ಯಾರೂ ಬಂದು ಹೊಸ್ಲ್ ಮೇಲೆ ಮಲಗ್ದಂಗಾಗ್ಲಿ. ನಿನ್ನಿಂದ ಆ ಮನುಸ ಯಾಕ್ ಸಾಯ್ಬೇಕು?"

ಓದು ಬರಹ ಇಲ್ಲದ ನನ್ನ ಅಕ್ಕ ಇದನ್ನು ಹೇಳಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ನಾನು ನಾಲ್ಕು ತಿಂಗಳು ತೆಗೆದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಹಾಲಿನ ಡೇರಿಗೆ ಹೋದೆ. ಊರಿನ ಅರ್ಧ ಜನ ಅಲ್ಲಿ ಕ್ಯಾನು ಹಿಡಿದು ಸಾಲು ನಿಂತಿರುತ್ತಾರೆ. ಕೋಲೂರಿಕೊಂಡು ಸಾಲಿನ ಮುಂದೆ ನಿಂತು ಹೇಳಿದೆ, ಚಲುವಣ್ಣ ನನ್ನ ಬೆನ್ನು ಮುಟ್ಟಲೇ ಇಲ್ಲ, ಅವತ್ತು ಆಟೋದಲ್ಲಿ ನಾನು ಬಾಯಿ ಮುಚ್ಚಿಕೊಂಡು ಮೋಸ ಮಾಡಿದೆ ಎಂದು. ಅಕ್ಕನ ಹೆಸರನ್ನೂ ಹೇಳಿದೆ. ಒಬ್ಬ ನಕ್ಕ. ಇನ್ನೊಬ್ಬ, "ಇಷ್ಟು ದಿನ ಬಾಯ್ಗೆ ಏನ್ ತುರುಕೊಂಡಿದ್ಯಯ್ಯಾ?" ಎಂದು ಉಗಿದ. ಒಬ್ಬ ಹೆಂಗಸು, ನಮ್ಮತ್ತೆ ನಾಲ್ಕು ತಿಂಗಳಿಂದ ಮೂಲೆ ಹಿಡಿದವಳೆ, ನಿನ್ನ ಕಾಲಿನ ಸುದ್ದಿ ನಂಬಿ ನಾನೇ ತಡೆದೆ ಅಂದಳು. ಅದೇ ನನಗೆ ಹೆಚ್ಚು ನಾಟಿತು.

ಯುಗಾದಿ ಕಳೆದ ಮೇಲೆ ಚಲುವಣ್ಣ ಗರಡಿಯ ಬೀಗ ತೆಗೆದ. ಒಬ್ಬೊಬ್ಬರಾಗಿ ಬಂದರು. ಜಗಲಿಯ ಹಗ್ಗಕ್ಕೂ ಹೆಂಗಸರು ಬಂದರು. ನಾನೂ ಹೋದೆ. ನನ್ನನ್ನು ಅವನು ತಡೆಯಲಿಲ್ಲ. ಶೀಬಾ ಬರೆದುಕೊಟ್ಟ ಚೀಟಿಯನ್ನು ಓದಿಸಿಕೊಂಡು, ಅದರಂತೆಯೇ ಇಷ್ಟು ಬಸ್ಕಿ, ಇಷ್ಟು ನಡಿಗೆ ಎಂದು ಹೇಳಿದ. ಪಾದ ಈಗ ಮುಕ್ಕಾಲು ಪಾಲು ಎತ್ತುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.

ಮೂರನೆಯ ದಿನ ಜಬ್ಬಾರಣ್ಣ ಚನ್ನಪಟ್ಟಣದಿಂದ ಬಂದರು. ಅವರ ಬೆನ್ನು ಕೊಡೆಯ ಹಿಡಿಯಂತೆ ಬಗ್ಗಿತ್ತು. ಚಲುವಣ್ಣ ನಡೆಸಿ ನೋಡಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಚಾಪೆಯ ಮೇಲೆ ಮಲಗಿಸಿದ. ಎಣ್ಣೆ ಹಚ್ಚಿದ. ಹೆಬ್ಬೆರಳುಗಳು ಕೆಳಕ್ಕೆ ಬರುತ್ತಾ ಬರುತ್ತಾ ಒಂದು ಕಡೆ ನಿಂತವು. ಉಸಿರು ಬಿಡು ಅನ್ನುತ್ತಾನೆ ಎಂದು ನಾವೆಲ್ಲ ಕಾದೆವು. ಅನ್ನಲಿಲ್ಲ. ಹಾಗೇ ಕೂತಿದ್ದ.

ಜಬ್ಬಾರಣ್ಣ ಚಾಪೆಗೆ ಮುಖ ಒತ್ತಿಕೊಂಡೇ ಅಂದರು, "ಮಾಡು ಚಲುವಣ್ಣ, ಹೆದರ್ಬ್ಯಾಡ. ಹೆಚ್ಚುಕಮ್ಮಿ ಆದ್ರೂ ನಾನು ಯಾರ್ ಹತ್ರಾನೂ ನಿನ್ ಹೆಸ್ರು ಹೇಳಾಕಿಲ್ಲ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಜಬ್ಬಾರಣ್ಣ ನನ್ನನ್ನು ಚುಚ್ಚಬೇಕೆಂದು ಹೇಳಿದ್ದಲ್ಲ, ನಾನು ಅಲ್ಲಿರುವುದು ಅವರಿಗೆ ಕಾಣುತ್ತಲೂ ಇರಲಿಲ್ಲ. ಚಲುವಣ್ಣ ಮಾತ್ರ ತಲೆ ಎತ್ತಿ ನನ್ನ ಕಡೆ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.

"ಬ್ಯಾಡ ಜಬ್ಬಾರಣ್ಣ. ಕೈ ನಡುಗ್ತೈತೆ. ನಡುಗೋ ಕೈಯ್ಯ ಬೆನ್ನಿಗಿಡಬಾರ್ದು. ಏಳಿ, ಬಸ್ಕಿ ಹೊಡ್ಯಾನ."

ಅದು ವಯಸ್ಸಿಗೆ ನಡುಗುವ ಕೈಯಲ್ಲ. ಅಂದು ಮುಂಜಾನೆಯೇ ಅವನು ಒಬ್ಬನೇ ಸೊಪ್ಪಿನ ಹೊರೆಯನ್ನು ತಲೆಗೆ ಎತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಂದು ಪಂಚೆಗೆ ಎಣ್ಣೆ ಒರೆಸಿಕೊಂಡವನು ಇಂದಿನವರೆಗೂ ಯಾರ ಬೆನ್ನ ಮೇಲೂ ಕೈ ಇಟ್ಟಿಲ್ಲ.